ಸವೆದ ಬೂಟಿಗೂ ದಂಡವೇ?

ಕನ್ನಡದ ಯುವಕರೇ,

ಪೀಣ್ಯದ ನನ್ನ ಪ್ರೆಸ್ಸಿಗೆ ಮೊನ್ನೆ ಮಾಜಿ ಸೈನಿಕರೊಬ್ಬರು ಬಂದಿದ್ದರು. ವೈಟ್‌ಫೀಲ್ಡಿನ ಗೇಟೊಂದರಲ್ಲಿ ಎರಡು ವರ್ಷ ಸೆಕ್ಯುರಿಟಿ ಕೆಲಸ. ಬಿಡುವಾಗ ಯೂನಿಫಾರಂ, ಬೆಲ್ಟು, ಬೂಟು ಎಲ್ಲ ವಾಪಸು ಕೊಟ್ಟರು. "ಬೂಟು ಹಾಳಾಗಿದೆ" ಎಂದು ಏಜೆನ್ಸಿ ಸಂಬಳ ಹಿಡಿಯಿತು. ರುಜು ಹಾಕಿಸಿಕೊಂಡಿದ್ದ ಕಾಗದವೋ ಇಂಗ್ಲಿಷಿನದು!

ಸೈನ್ಯದಲ್ಲೂ ಹೀಗಿಲ್ಲ. 1950ರ ಸೇನಾ ಕಾಯಿದೆಯ 54ನೇ ಕಲಮಿನಂತೆ, ಕೊಟ್ಟ ಸಾಮಾನನ್ನು ನಿರ್ಲಕ್ಷ್ಯದಿಂದ ಕಳೆದರೆ ಅಪರಾಧ. ಅಂದರೆ ನಿರ್ಲಕ್ಷ್ಯ ಸಾಬೀತಾಗಬೇಕು. ಹೊರಗಿನ ಕಾನೂನೂ ಅಷ್ಟೇ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ: ನೌಕರನ ತಪ್ಪಿನಿಂದಾದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ; ಅವನ ಸಮಜಾಯಿಷಿ ಕೇಳದೆ ಹಿಡಿಯುವಂತೆಯೇ ಇಲ್ಲ.

ನನ್ನ ಮೆಷಿನ್ನಿನ ರೋಲರ್ ಸವೆದರೆ ಓಡಿಸಿದ ಹುಡುಗನ ಸಂಬಳ ಮುರಿಯಲೇ? ನಡೆದ ಬೂಟು ಸವೆಯುತ್ತದೆ ಸ್ವಾಮಿ!

ದಿನಾ ಆ ಗೇಟಿನಲ್ಲೇ ಬ್ಯಾಡ್ಜ್ ತೋರಿಸಿ ಒಳಗೆ ಹೋಗುವವರು ನೀವು. ಕಾವಲು ನಿಂತ ಕನ್ನಡಿಗನ ಪರವಾಗಿ ಒಂದು ಮಾತು ಕೇಳಿ. ಸಾಮಾನು ಕೊಡುವ ದಿನವೇ ಅದರ ಸ್ಥಿತಿ ಕನ್ನಡದಲ್ಲಿ ಬರೆಯಲಿ, ಒಂದು ಪ್ರತಿ ನೌಕರನ ಕೈಗಿರಲಿ. ವಾಪಸು ಪಡೆದಾಗ ರಸೀದಿ ಕೊಡಲಿ.

ಆ ಫಾರಂ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಓದಲಾಗದ ಕಾಗದಕ್ಕೆ ಇನ್ನು ರುಜು ಬೇಡ!