ಹೊರೆ ಹೆಚ್ಚಿಸಲು ಬೇರೆ ಬೈಕಿನ ಶಾಕ್ ಬೇಡ

ಹಾಲು ಉತ್ಪಾದಕ ಸಹೋದರಿಯರೇ,

ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರುಗಳ ಜಂತುಹುಳು ಎಂದು ಬರೆಯಬೇಕಾದ ಪಶುವೈದ್ಯಾಧಿಕಾರಿ ಮೋಟಾರ್ ಸೈಕಲ್ಲಿನ ಶಾಕ್ ಅಬ್ಸಾರ್ಬರ್ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಇಂದು ಹೈನುಗಾರಿಕೆಯ ಅರ್ಧ ಕೆಲಸ ಬೈಕಿನ ಮೇಲೆಯೇ ನಡೆಯುತ್ತಿದೆ. ತೋಟದ ಮನೆಯಿಂದ ಡೈರಿಗೆ ಹಾಲಿನ ಕ್ಯಾನು, ಸಂಘದಿಂದ ಮನೆಗೆ 50 ಕೆ.ಜಿ. ಪಶು ಆಹಾರದ ಮೂಟೆ, ಹೊಲದಿಂದ ಕೊಟ್ಟಿಗೆಗೆ ಸೀಮೆಹುಲ್ಲಿನ ಹೊರೆ, ಎಲ್ಲವೂ ಬರುವುದು ಅದರ ಮೇಲೆ. ಓಡಿಸುವವರು ಯಜಮಾನರೋ ಮಗನೋ ಇರಬಹುದು. ಹಿಂದೆ ಕ್ಯಾನು ಹಿಡಿದು ಕೂರುವವರು ಹೆಚ್ಚಾಗಿ ನೀವೇ.

ಇತ್ತೀಚೆಗೆ ಹಳ್ಳಿಗಳಲ್ಲಿ ಒಂದು ರೂಢಿ ಕಾಣುತ್ತಿದ್ದೇನೆ. ಭಾರ ಹೊತ್ತು ಹೊತ್ತು ಬೈಕಿನ ಹಿಂಭಾಗ ಕುಸಿಯುತ್ತದೆ, ಗುಂಡಿಗೆ ಬಿದ್ದಾಗ ಟೈರು ಮಡ್‌ಗಾರ್ಡಿಗೆ ತಗಲುತ್ತದೆ. ಗ್ಯಾರೇಜಿಗೆ ಒಯ್ದರೆ, ‘ದೊಡ್ಡ ಗಾಡಿಯ ಶಾಕ್ ಹಾಕಿಬಿಡೋಣ, ಎಷ್ಟು ಬೇಕಾದರೂ ಹೇರಬಹುದು’ ಎಂಬ ಸಲಹೆ ಸಿಗುತ್ತದೆ. ಹೀಗೆ 100 ಸಿಸಿ ಬೈಕಿಗೆ 150 ಸಿಸಿ ಬೈಕಿನ ಶಾಕ್ ಬಂದು ಕೂರುತ್ತದೆ. ಹೆಚ್ಚು ಹೊರೆ ಹೇರುವ ಉದ್ದೇಶದಿಂದ ಹೀಗೆ ಮಾಡುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಅದರ ಅಪಾಯ ಮೊದಲು ಮುಟ್ಟುವುದು ಹಿಂದೆ ಕೂತವರನ್ನು.

ನೆರೆಮನೆಯ ಎಮ್ಮೆಗೆ ಬರೆದುಕೊಟ್ಟ ಔಷಧಿಯನ್ನು ನಿಮ್ಮ ಕರುವಿಗೆ ಕುಡಿಸುತ್ತೀರಾ? ಇಲ್ಲ. ತೂಕ ಬೇರೆ, ಪ್ರಮಾಣ ಬೇರೆ ಎಂದು ನಿಮಗೆ ಗೊತ್ತು. ಶಾಕ್ ವಿಚಾರವೂ ಹಾಗೆಯೇ. ಅದರಲ್ಲಿ ಎರಡು ಭಾಗಗಳಿವೆ. ಹೊರಗಿನ ಸ್ಪ್ರಿಂಗ್ ಭಾರ ಹೊರುತ್ತದೆ. ಒಳಗಿನ ಎಣ್ಣೆಯ ಕೊಳವೆ ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ. ಇವೆರಡನ್ನೂ ಆ ಬೈಕಿನ ತೂಕ ನೋಡಿಯೇ ಹೊಂದಿಸಿರುತ್ತಾರೆ. ಮೇಲಿನ ಬೋಲ್ಟಿನ ಕಣ್ಣಿನಿಂದ ಕೆಳಗಿನ ಬೋಲ್ಟಿನ ಕಣ್ಣಿನವರೆಗಿನ ಉದ್ದ, ಒಳಗೆ ಕೂರುವ ಬುಷ್‌ನ ಅಳತೆ, ಶಾಕ್ ಎಷ್ಟು ಕುಗ್ಗಬಲ್ಲದು ಎಂಬ ಲೆಕ್ಕ ಒಂದೊಂದು ಮಾಡೆಲ್ಲಿಗೆ ಒಂದೊಂದು ರೀತಿ.

ಉದ್ದದ ಶಾಕ್ ಹಾಕಿದರೆ ಬೈಕಿನ ಹಿಂಭಾಗ ಏಳುತ್ತದೆ, ಮುಂಭಾಗ ತಗ್ಗುತ್ತದೆ. ಹ್ಯಾಂಡಲ್ ಸಣ್ಣ ಅಲುಗಾಟಕ್ಕೂ ತಿರುಗತೊಡಗುತ್ತದೆ. ಚೈನಿನ ಬಿಗಿ ಬದಲಾಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಮೊದಲಿಗಿಂತ ಹೆಚ್ಚು ವಾಲಿ ನಿಲ್ಲುತ್ತದೆ. ತುಂಬಿದ ಕ್ಯಾನು ನೇತುಹಾಕಿದಾಗ ಅದು ಉರುಳಿದರೆ ಹಾಲು ಮಣ್ಣುಪಾಲು. ಗಿಡ್ಡ ಶಾಕ್ ಹಾಕಿದರೆ ಟೈರು ಮಡ್‌ಗಾರ್ಡಿಗೆ ಇನ್ನಷ್ಟು ತಗಲುತ್ತದೆ. ಬುಷ್ ಸಡಿಲವಿದ್ದರೆ ಬೋಲ್ಟು ಸವೆದು ಒಂದು ದಿನ ತುಂಡಾಗಬಹುದು. ಗಟ್ಟಿ ಸ್ಪ್ರಿಂಗ್ ಭಾರವಿಲ್ಲದಾಗ ಕುಗ್ಗುವುದೇ ಇಲ್ಲ. ಖಾಲಿ ಗಾಡಿಯ ಹಿಂದಿನ ಚಕ್ರ ಉಬ್ಬುತಗ್ಗಿನಲ್ಲಿ ನೆಲ ಬಿಟ್ಟು ಹಾರುತ್ತದೆ. ಆಗ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ಆ ಹೊಡೆತವೆಲ್ಲ ಹಿಂದೆ ಕೂತವರ ಸೊಂಟಕ್ಕೆ.

ಎಲ್ಲಕ್ಕಿಂತ ದೊಡ್ಡ ಮಾತು ಹೊರೆಯದು. ಗಟ್ಟಿ ಶಾಕ್ ಹಾಕಿದ ಮಾತ್ರಕ್ಕೆ ಬೈಕಿನ ಶಕ್ತಿ ಹೆಚ್ಚುವುದಿಲ್ಲ. ಚಾಸಿ, ರಿಮ್ಮು, ಸ್ಪೋಕು, ಟೈರು, ಬ್ರೇಕು ಹಳೆಯವೇ. ಮೊದಲು ಹಿಂಭಾಗ ಕುಸಿದು ‘ಸಾಕು, ಇಳಿಸು’ ಎಂದು ಹೇಳುತ್ತಿತ್ತು. ಈಗ ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದಂತಾಯಿತು, ಅಷ್ಟೇ. ನಮ್ಮ ಕಡೆ ಹೆಚ್ಚಾಗಿ ಕಾಣುವ ಹೀರೋ ಸ್ಪ್ಲೆಂಡರ್ ಪ್ಲಸ್ ಬೈಕಿಗೆ ಕಂಪನಿ ಹೇಳುವ ಗರಿಷ್ಠ ಹೊರೆ 130 ಕೆ.ಜಿ. ಓಡಿಸುವವರ ತೂಕವೂ ಅದರಲ್ಲೇ ಸೇರಿದೆ. ಲೆಕ್ಕ ಹಾಕೋಣ. ಯಜಮಾನರು 65, ನೀವು 55, ಒಟ್ಟು 120. 20 ಲೀಟರ್ ಹಾಲಿನ ತೂಕ 20 ಕೆ.ಜಿ.ಗೂ ಸ್ವಲ್ಪ ಹೆಚ್ಚು. ಕ್ಯಾನಿನ ತೂಕ ಬೇರೆ. ಡೈರಿಗೆ ಹೊರಡುವಾಗಲೇ ಮಿತಿ ದಾಟಿತು. ವಾಪಸು ಬರುವಾಗ 50 ಕೆ.ಜಿ. ಮೂಟೆಯೂ ಏರಿದರೆ ಯಾವ ಶಾಕ್ ಕಾಪಾಡೀತು?

ಇನ್ನೊಂದು ವಿಷಯವನ್ನು ನೀವು ಕಣ್ಣಿಟ್ಟು ನೋಡಲೇಬೇಕು. ದಪ್ಪ ಶಾಕ್ ಕೂರಿಸಲು ಜಾಗ ಸಾಲದಿದ್ದಾಗ ಕೆಲವು ಗ್ಯಾರೇಜುಗಳಲ್ಲಿ ಸೀರೆ ಗಾರ್ಡ್ ಬಿಚ್ಚಿಡುತ್ತಾರೆ. ಕ್ಯಾನಿನ ಕೊಕ್ಕೆ ಹಾಕಿಸುವಾಗಲೂ ಹೀಗೆ ಆಗುವುದುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಮೆಟ್ಟು, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್ ಇರಲೇಬೇಕು. ಅದು ನಿಮಗಾಗಿಯೇ ಇರುವ ನಿಯಮ. ಸೆರಗು ಚಕ್ರಕ್ಕೆ ಸುತ್ತಿಕೊಂಡರೆ ಆಗುವ ಅನಾಹುತ ನಿಮಗೆ ಹೇಳಬೇಕಿಲ್ಲ. ಗಾರ್ಡ್ ಇಲ್ಲದ ಬೈಕು ಹತ್ತಬೇಡಿ.

ಹಾಲಿಗೂ ಇದಕ್ಕೂ ಸಂಬಂಧವಿದೆ. ಅರ್ಧ ತುಂಬಿದ ಕ್ಯಾನು ಎತ್ತೆತ್ತಿ ಕುಕ್ಕಿದರೆ ಏನಾಗುತ್ತದೆಂದು ಮೊಸರು ಕಡೆಯುವ ನಿಮಗೆ ಬೇರೆ ಹೇಳಬೇಕೆ? ಜಿಡ್ಡಿನ ಕಣಗಳು ಒಡೆದು ಒಂದಕ್ಕೊಂದು ಅಂಟುತ್ತವೆ, ಮುಚ್ಚಳಕ್ಕೂ ಅಂಚಿಗೂ ಮೆತ್ತಿಕೊಳ್ಳುತ್ತವೆ. ಹಾಗೆ ಮೆತ್ತಿಕೊಂಡ ಜಿಡ್ಡು ಡೈರಿಯ ಸ್ಯಾಂಪಲ್ಲಿಗೆ ಬರುವುದಿಲ್ಲ, ಫ್ಯಾಟ್ ಕಡಿಮೆ ತೋರಿಸುತ್ತದೆ. ಆದ್ದರಿಂದ ಹಾಲು ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಕ್ಯಾನು ಬಳಸಿ, ಬಾಯಿವರೆಗೆ ತುಂಬಿ ಒಯ್ಯಿರಿ. ಕೃತಕ ಗರ್ಭಧಾರಣೆಗೆ ಬರುವ ನಮ್ಮ ಕಾರ್ಯಕರ್ತರಿಗೂ ಗಟ್ಟಿ ಶಾಕ್ ಬೇಡ ಎಂದೇ ಹೇಳುತ್ತೇನೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕಂಟೈನರಿನಲ್ಲಿ ಒಳಪಾತ್ರೆ ಕೊರಳಿನಿಂದ ತೂಗಾಡುತ್ತಿರುತ್ತದೆ, ಕುಲುಕಾಟ ಅದಕ್ಕೆ ಆಗುವುದಿಲ್ಲ.

ಹಾಗೆಂದು ಬದಲಿ ಶಾಕ್ ಹಾಕುವ ಮೆಕ್ಯಾನಿಕ್‌ಗಳೆಲ್ಲ ತಪ್ಪು ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಹಳೆಯ ಮಾಡೆಲ್ಲಿನ ಬಿಡಿಭಾಗ ಸಿಗದೇ ಇರಬಹುದು, ಸಿಕ್ಕರೂ ದುಬಾರಿ ಇರಬಹುದು. ಒಂದೇ ಕಂಪನಿಯ ಕೆಲವು ಮಾಡೆಲ್ಲುಗಳಿಗೆ ಒಂದೇ ಪಾರ್ಟ್ ನಂಬರಿನ ಶಾಕ್ ಇರುವುದುಂಟು. ಅಂಥದ್ದನ್ನು ಹಾಕಿದರೆ ತೊಂದರೆಯಿಲ್ಲ. ನಂಬರು ಬೇರೆಯಾದರೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಉದ್ದ, ಬುಷ್, ತುದಿಯ ಆಕಾರ ತಾಳೆ ನೋಡಬೇಕು. ಆ ಶಾಕ್ ಸುಮಾರು ಅಷ್ಟೇ ತೂಕದ ಬೈಕಿನದಾಗಿರಬೇಕು. ಎರಡೂ ಬದಿ ಒಟ್ಟಿಗೆ ಬದಲಿಸಬೇಕು. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಹಾಕಿದರೆ ಭಾರ ಓರೆಯಾಗಿ ಬೀಳುತ್ತದೆ.

ಬದಲಿಸುವ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ಸ್ಪ್ರಿಂಗಿನ ಕೆಳಗೆ ಮೆಟ್ಟಿಲಿನಂತಹ ಒಂದು ಬಳೆ ಇರುತ್ತದೆ. ಸ್ಪ್ಲೆಂಡರಿನಲ್ಲಿ ಅದಕ್ಕೆ 5 ಹಂತ. ಭಾರವಿದ್ದಾಗ ಹಂತ ಏರಿಸಿ, ಒಬ್ಬರೇ ಓಡಾಡುವಾಗ ಇಳಿಸಿ. ಎರಡೂ ಬದಿ ಒಂದೇ ಹಂತದಲ್ಲಿರಲಿ. ಬಹಳ ಮನೆಗಳಲ್ಲಿ ಇದನ್ನು ಬೈಕು ತಂದ ದಿನದಿಂದ ಮುಟ್ಟಿಯೇ ಇರುವುದಿಲ್ಲ. ಟೈರಿನ ಗಾಳಿಯನ್ನು ಇಬ್ಬರು ಕೂರುವ ಲೆಕ್ಕಕ್ಕೆ ಹಿಡಿಸಿ. ಸೀಟಿನ ಹಿಂಭಾಗವನ್ನು ಬಲವಾಗಿ ಒತ್ತಿ ಬಿಡಿ. ಎದ್ದು ತಕ್ಷಣ ನಿಂತರೆ ಶಾಕ್ ಸರಿಯಿದೆ. ಎರಡು ಮೂರು ಸಲ ಕುಣಿದರೆ, ಅಥವಾ ಶಾಕಿನ ಕಂಬಿಯ ಮೇಲೆ ಎಣ್ಣೆ ಜಿನುಗಿದ್ದರೆ ಅದರ ಆಯಸ್ಸು ಮುಗಿಯಿತು. ಆಗ ಅದೇ ಮಾಡೆಲ್ಲಿನ ಹೊಸ ಜೋಡಿ ಹಾಕಿಸಿ.

ಹೊರೆ ಹೆಚ್ಚಿದ್ದರೆ ಎರಡು ಸಲ ಓಡಾಡಿ. ಪೆಟ್ರೋಲ್ ದಂಡ ಎನ್ನಬಹುದು. ಬಿದ್ದು ಕಾಲು ಮುರಿದುಕೊಂಡರೆ ಎಷ್ಟು ದಿನ ಹಾಲು ಕರೆಯುವವರಿಲ್ಲ, ಆಸ್ಪತ್ರೆಗೆ ಎಷ್ಟು ಬಟವಾಡೆ ಹೋಗುತ್ತದೆ ಎಂದೂ ಲೆಕ್ಕ ಹಾಕಿ. ಪಶು ಆಹಾರದ ಮೂಟೆಗಳನ್ನು ನಾಲ್ಕೈದು ಮನೆಯವರು ಸೇರಿ ಒಂದೇ ಆಟೋದಲ್ಲಿ ತರಿಸಿಕೊಳ್ಳಬಹುದು. ಸಂಘದ ಸಭೆಯಲ್ಲಿ ಕಾರ್ಯದರ್ಶಿಯವರೊಂದಿಗೆ ಮಾತಾಡಿ ಇದನ್ನು ಗೊತ್ತುಮಾಡಿ.

ಬೈಕಿನ ವಿಷಯ ಗಂಡಸರದು ಎಂದು ಸುಮ್ಮನಿರಬೇಡಿ. ಅದರ ಕಂತು ಕಟ್ಟಿದ್ದು ಎಷ್ಟೋ ಮನೆಗಳಲ್ಲಿ ಹಾಲಿನ ದುಡ್ಡಿನಿಂದ. ಗ್ಯಾರೇಜಿಗೆ ಹೊರಟಾಗ ಮೂರು ಪ್ರಶ್ನೆ ಕೇಳಿ: ಈ ಶಾಕ್ ಯಾವ ಬೈಕಿನದು? ಉದ್ದ, ಬುಷ್ ತಾಳೆ ನೋಡಿದ್ದೀರಾ? ಸೀರೆ ಗಾರ್ಡ್ ಇದ್ದ ಜಾಗದಲ್ಲೇ ಇರುತ್ತದೆಯೇ? ಸರಿಯಾದ ಉತ್ತರ ಬರದಿದ್ದರೆ ದುಡ್ಡು ಕೊಡಬೇಡಿ.