ಕಚೇರಿ ಒಳಾಂಗಣ ಬಿಚ್ಚುವ ಕೆಲಸಕ್ಕೆ ಸುರಕ್ಷತಾ ನಿಯಮ ಜಾರಿಗೊಳಿಸುವಂತೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಕಾರ್ಮಿಕ ಆಯುಕ್ತರು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು.

ಇವರಿಂದ:
ಬೆಂಗಳೂರಿನ ಕಚೇರಿ ಡಿಸ್‌ಮ್ಯಾಂಟ್ಲಿಂಗ್ ಕೆಲಸದ ಕೂಲಿಕಾರರು, ಎಲೆಕ್ಟ್ರಿಷಿಯನ್ನರು ಮತ್ತು ಮೇಸ್ತ್ರಿಗಳು.

ವಿಷಯ: ಬಾಡಿಗೆ ಕಚೇರಿಗಳ ಒಳಾಂಗಣ ಬಿಚ್ಚುವ ಕೆಲಸವನ್ನು ಕಟ್ಟಡ ಕಾಮಗಾರಿಯೆಂದೇ ಪರಿಗಣಿಸಿ, ಕಾರ್ಮಿಕರ ಜೀವರಕ್ಷಣೆಗೆ ಕಡ್ಡಾಯ ಕ್ರಮಗಳನ್ನು ಜಾರಿಗೊಳಿಸುವ ಬಗ್ಗೆ.

ಮಾನ್ಯರೇ,

ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಬಾಡಿಗೆ ಕರಾರು ಮುಗಿದ ಕಚೇರಿಗಳನ್ನು ಬರೀ ಗೋಡೆ, ನೆಲ ಉಳಿಯುವಂತೆ ಖಾಲಿ ಮಾಡಿಕೊಡುವುದು ನಮ್ಮ ಕಸುಬು. ಫಾಲ್ಸ್ ಸೀಲಿಂಗ್, ಗಾಜಿನ ಪಾರ್ಟಿಷನ್, ಎ.ಸಿ. ಡಕ್ಟ್, ಕೇಬಲ್ ಟ್ರೇ ಎಲ್ಲವನ್ನೂ ಬಿಚ್ಚಿ ಇಳಿಸುವವರು ನಾವೇ.

ಕಟ್ಟಡದ ಹೊರಗೋಡೆಗೆ ಕೈ ಹಚ್ಚುವುದಿಲ್ಲವಾದ್ದರಿಂದ ಇದನ್ನು ಯಾರೂ ಕೆಡವುವ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸದೇನನ್ನೂ ಕಟ್ಟುವುದಿಲ್ಲವಾದ್ದರಿಂದ ನಿರ್ಮಾಣವೆಂದೂ ನೋಡುವುದಿಲ್ಲ. ಸಾಮಾನು ಸಾಗಿಸುವ ಕೆಲಸವೆಂದು ಗೇಟ್ ಪಾಸ್ ಬರೆದು ನಮ್ಮನ್ನು ಒಳಗೆ ಬಿಡುತ್ತಾರೆ. ಆದರೆ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಮಾರ್ಪಾಡು, ದುರಸ್ತಿ ಮತ್ತು ಕೆಡವುವಿಕೆ ಮೂರೂ ಕಟ್ಟಡ ಕಾಮಗಾರಿಯ ವ್ಯಾಖ್ಯೆಯೊಳಗೇ ಇದ್ದವು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅವನ್ನು ಉಳಿಸಿಕೊಂಡಿದೆ. ಕಾನೂನಿನಲ್ಲಿ ನಮಗೆ ಜಾಗವಿದೆ, ಸೈಟಿನಲ್ಲಿ ಇಲ್ಲ.

ಇದಕ್ಕೆ ಗುತ್ತಿಗೆಯ ರೀತಿಯೇ ಮುಖ್ಯ ಕಾರಣ. ಅನೇಕ ಕಡೆ ಕೆಲಸ ಮಾಡಿಸುವವರು ಗುತ್ತಿಗೆದಾರನಿಗೆ ಹಣ ಕೊಡುವುದಿಲ್ಲ. ಗುಜರಿ ವ್ಯಾಪಾರಿಯೇ ಒಳಗಿನ ತಾಮ್ರ, ಅಲ್ಯೂಮಿನಿಯಂಗೆ ಬೆಲೆ ಕಟ್ಟಿ ಕೆಲಸ ಹಿಡಿಯುತ್ತಾನೆ. ಅವನ ಲಾಭವೆಲ್ಲ ಬೇಗ ಬಿಚ್ಚುವುದರಲ್ಲಿದೆ. ಮಾಲೀಕರಿಗೆ ಕೀಲಿ ಒಪ್ಪಿಸುವ ದಿನಾಂಕ ಹತ್ತಿರ ಬಂದಂತೆ ಕೆಲಸ ರಾತ್ರಿಗೂ ಭಾನುವಾರಕ್ಕೂ ಹಬ್ಬುತ್ತದೆ. ಸುರಕ್ಷತೆಯ ಖರ್ಚು ಯಾವ ಬಿಲ್ಲಿನಲ್ಲೂ ಇರುವುದಿಲ್ಲ.

ಅಪಾಯಗಳ ಪೈಕಿ ಮೂರನ್ನು ಮಾತ್ರ ತಮ್ಮ ಗಮನಕ್ಕೆ ತರುತ್ತೇವೆ.

ಮೊದಲನೆಯದು ಕರೆಂಟು. ಮೇನ್ ಸ್ವಿಚ್ ಇಳಿಸಿದ ಮೇಲೂ ಯುಪಿಎಸ್ ಬ್ಯಾಟರಿಯ ಲೈನು, ಜನರೇಟರ್ ಲೈನು, ಪಕ್ಕದ ಕಚೇರಿಗೆ ಹಾದುಹೋಗುವ ಲೈನು ಸೀಲಿಂಗಿನೊಳಗೆ ಹಾಗೆಯೇ ಇರುತ್ತವೆ. ಧೂಳು ಮೆತ್ತಿ ಒಂದೇ ಬಣ್ಣಕ್ಕೆ ತಿರುಗಿದ ವೈರುಗಳ ನಡುವೆ, ಏಣಿಯ ಮೇಲೆ ನಿಂತ ಹುಡುಗ ಕಟಿಂಗ್ ಪ್ಲೇಯರ್ ಹಾಕುವಾಗ ಅವನಿಗೆ ಸಿಗುವ ಭರವಸೆ, ‘ಆಫ್ ಆಗಿದೆ, ಕತ್ತರಿಸು’ ಎಂಬ ಬಾಯಿಮಾತು ಮಾತ್ರ.

ಎರಡನೆಯದು ಭಾರ. 12 ಮಿ.ಮೀ. ದಪ್ಪದ ಟಫನ್ಡ್ ಗಾಜು ಚದರ ಮೀಟರಿಗೆ 30 ಕಿಲೋ ತೂಗುತ್ತದೆ. 4 ಅಡಿ ಅಗಲ, 8 ಅಡಿ ಎತ್ತರದ ಒಂದು ಹಲಗೆ ಸುಮಾರು 90 ಕಿಲೋ. ಅದನ್ನು ಇಬ್ಬರು ಬರಿಗೈಯಲ್ಲಿ ಇಳಿಸುತ್ತಾರೆ. ಕಚೇರಿಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 250ರಿಂದ 400 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಒಡೆದ ಟೈಲ್ಸ್, ಇಟ್ಟಿಗೆ, ಕಾಂಕ್ರೀಟನ್ನು ಸೊಂಟದೆತ್ತರಕ್ಕೆ ರಾಶಿ ಹಾಕಿದರೆ ಅಷ್ಟೇ ಜಾಗದ ಮೇಲೆ ಒಂದು ಟನ್ ದಾಟುತ್ತದೆ. ಸರ್ವಿಸ್ ಲಿಫ್ಟ್ ರಾತ್ರಿ ಮಾತ್ರ ಸಿಗುವ ಕಟ್ಟಡಗಳಲ್ಲಿ ಹಗಲೆಲ್ಲ ಈ ರಾಶಿ ಬೆಳೆಯುತ್ತಲೇ ಇರುತ್ತದೆ.

ಮೂರನೆಯದು ಬೆಂಕಿ. ಸೀಲಿಂಗ್ ಇಳಿಸುವ ಮೊದಲೇ ಸ್ಪ್ರಿಂಕ್ಲರ್ ನೀರು ಖಾಲಿ ಮಾಡುತ್ತಾರೆ, ಹೊಗೆ ಪತ್ತೆ ಸಾಧನ ಕಳಚುತ್ತಾರೆ. ಅದಾದ ಮೇಲೆ ಗ್ಯಾಸ್ ಕಟರ್ ಹಚ್ಚುತ್ತಾರೆ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನ ಬೆಂಕಿಯಲ್ಲಿ ಒಂಬತ್ತು ಜನ ಸತ್ತಿದ್ದನ್ನು ನಗರ ಮರೆತಿಲ್ಲ. ಹೊಗೆ ತುಂಬಿದರೆ ಏನಾಗುತ್ತದೆಂದು ಅಂದು ಕಂಡಿದ್ದೇವೆ. ಕೇಬಲ್ ಎಳೆದ ಮೇಲೆ ಶಾಫ್ಟಿನಲ್ಲಿ ಉಳಿಯುವ ತೂತುಗಳನ್ನು ಮುಚ್ಚದಿದ್ದರೆ ನಮ್ಮ ಮಹಡಿಯ ಹೊಗೆ ಮೇಲಿನ ಮಹಡಿಯಲ್ಲಿ ಕೆಲಸ ಮಾಡುವವರನ್ನೂ ಮುಟ್ಟುತ್ತದೆ.

ಆದ್ದರಿಂದ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ:

1. ಒಳಾಂಗಣ ಬಿಚ್ಚುವುದೂ ಕಟ್ಟಡ ಕಾಮಗಾರಿಯೇ ಎಂದು ಸುತ್ತೋಲೆ ಹೊರಡಿಸಬೇಕು. ಕೆಲಸ ಶುರುವಾಗುವ ಮೊದಲು ಇಲಾಖೆಗೆ ಸೂಚನೆ ಬರುವಂತೆ ನೋಡಿಕೊಳ್ಳಬೇಕು. ಒಂದೇ ಮಹಡಿಯ ಕೆಲಸವನ್ನು ನಾಲ್ಕೈದು ಜನರ ತಂಡಗಳಿಗೆ ಹಂಚಿ ಹತ್ತು ಕಾರ್ಮಿಕರ ಮಿತಿಯಿಂದ (ಕಾನೂನು ಅನ್ವಯವಾಗಲು ಬೇಕಾದ ಸಂಖ್ಯೆ) ನುಣುಚಿಕೊಳ್ಳದಂತೆ, ಎಲ್ಲ ತಂಡಗಳನ್ನೂ ಒಟ್ಟಿಗೆ ಎಣಿಸಬೇಕು.

2. ಕೆಲಸಕ್ಕೆ ಮುನ್ನ ಅರ್ಹ ಎಂಜಿನಿಯರ್ ಸ್ಥಳ ನೋಡಿ, ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು, ಅವಶೇಷವನ್ನು ಎಲ್ಲಿ ಎಷ್ಟೆತ್ತರ ಇಡಬಹುದು ಎಂದು ಬರೆದುಕೊಡಬೇಕು. ಅದರ ಪ್ರತಿ ಕನ್ನಡದಲ್ಲಿ, ಕಾರ್ಮಿಕರಿಗೆ ತಿಳಿಯುವ ಇತರ ಭಾಷೆಗಳಲ್ಲೂ ಸೈಟಿನಲ್ಲಿ ತೂಗುಹಾಕಬೇಕು.

3. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಎಲ್ಲ ಮೂಲಗಳ ಸಂಪರ್ಕ ತಪ್ಪಿಸಿ, ಬೀಗ ಜಡಿದು, ಸಹಿ ಹಾಕಿದ ಪತ್ರ ಕೊಡದೆ ಒಂದು ವೈರನ್ನೂ ಕತ್ತರಿಸಬಾರದು. ನಮ್ಮ ಗ್ರೈಂಡರ್, ಬ್ರೇಕರ್‌ಗಳಿಗೆ ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರುವ ಪ್ರತ್ಯೇಕ ಬೋರ್ಡ್ ಕೊಡಬೇಕು.

4. ಸ್ಪ್ರಿಂಕ್ಲರನ್ನು ಭಾಗ ಭಾಗವಾಗಿ ಮಾತ್ರ ನಿಲ್ಲಿಸಬೇಕು. ಗ್ಯಾಸ್ ಕಟಿಂಗಿಗೆ ಆಯಾ ದಿನದ ಅನುಮತಿ, ಕೈಗೆ ಸಿಗುವಂತೆ ಅಗ್ನಿನಂದಕ, ಕೆಲಸ ನಿಂತ ಮೇಲೂ ಕಾವಲಿಗೆ ಒಬ್ಬರು ಕಡ್ಡಾಯವಾಗಬೇಕು. ತುರ್ತು ಮೆಟ್ಟಿಲಲ್ಲಿ ಅವಶೇಷ ಇಡಬಾರದು. ಶಾಫ್ಟಿನ ತೂತುಗಳನ್ನು ಅಂದಂದೇ ಮುಚ್ಚಬೇಕು.

5. ಗಾಜು ಎತ್ತಲು ಸಕ್ಷನ್ ಹಿಡಿಕೆ, ಎತ್ತರದ ಕೆಲಸಕ್ಕೆ ಮೇಜು ಕುರ್ಚಿಯ ಬದಲು ಕಟಕಟೆಯಿರುವ ಚಕ್ರದ ಅಟ್ಟಣಿಗೆ ಕೊಡಬೇಕು.

6. ಹಳೆಯ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ಶೀಟು ಇದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಇದ್ದರೆ ಒಡೆಯದೆ, ನೆನೆಸಿ, ಇಡಿಯಾಗಿ ತೆಗೆಸಬೇಕು. ಕಾಂಕ್ರೀಟ್ ಒಡೆಯುವಾಗ ನೀರು ಚಿಮುಕಿಸಬೇಕು. ಬಟ್ಟೆಯ ಮಾಸ್ಕಿನ ಬದಲು ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಕೊಡಬೇಕು. ಪಾದರಸವಿರುವ ಟ್ಯೂಬ್‌ಲೈಟುಗಳನ್ನು ಲೋಹದ ಪಟ್ಟಿಗಾಗಿ ಒಡೆಯುವುದನ್ನು ನಿಷೇಧಿಸಬೇಕು.

7. ಗುಜರಿಯ ಬೆಲೆ ಬೇರೆ, ಸುರಕ್ಷತೆಯ ಖರ್ಚು ಬೇರೆ ಎಂದು ಕರಾರಿನಲ್ಲಿ ನಮೂದಿಸಬೇಕು. ಅವಘಡವಾದರೆ ಗುಜರಿ ವ್ಯಾಪಾರಿಯ ಜೊತೆಗೆ, ಕೆಲಸ ಮಾಡಿಸಿದ ಬಾಡಿಗೆದಾರ ಸಂಸ್ಥೆ ಮತ್ತು ಕಟ್ಟಡದ ಮಾಲೀಕರೂ ಹೊಣೆಗಾರರಾಗಬೇಕು.

8. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಬೇಕಾದ 90 ದಿನಗಳ ಲೆಕ್ಕಕ್ಕೆ ಡಿಸ್‌ಮ್ಯಾಂಟ್ಲಿಂಗ್ ದಿನಗಳನ್ನೂ ಸೇರಿಸಿ, ಉದ್ಯೋಗದ ದೃಢೀಕರಣ ಪತ್ರ ಕೊಡಿಸಬೇಕು.

ಇವುಗಳಲ್ಲಿ ಮೊದಲ ಮತ್ತು ಮೂರನೆಯ ಬೇಡಿಕೆಗಳಿಗೆ ಸುತ್ತೋಲೆಯೊಂದೇ ಸಾಕೆಂದು ನಂಬಿದ್ದೇವೆ. ಅವನ್ನು 30 ದಿನಗಳೊಳಗೆ ಈಡೇರಿಸಬೇಕೆಂದು ಕೋರುತ್ತೇವೆ. ಉಳಿದವುಗಳ ಚರ್ಚೆಗೆ ಇಲಾಖೆ, ಅಗ್ನಿಶಾಮಕ ಅಧಿಕಾರಿಗಳು, ಕಟ್ಟಡ ಮಾಲೀಕರು ಮತ್ತು ನಮ್ಮ ಪ್ರತಿನಿಧಿಗಳ ಜಂಟಿ ಸಭೆ ಕರೆಯಬೇಕು. ಸಭೆಗೆ ಮುನ್ನ ತಮ್ಮ ಅಧಿಕಾರಿಗಳು ಕೆಲಸ ನಡೆಯುತ್ತಿರುವ ಯಾವುದಾದರೂ ಒಂದು ಮಹಡಿಗೆ, ಮುಂಚಿತವಾಗಿ ತಿಳಿಸದೆ, ರಾತ್ರಿ ಪಾಳಿಯಲ್ಲಿ ಭೇಟಿ ಕೊಡಬೇಕೆಂದು ವಿನಂತಿಸುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆರಳ ಗುರುತುಗಳನ್ನು ಲಗತ್ತಿಸಿದೆ)
ಸ್ಥಳ: ಬೆಂಗಳೂರು

ಪ್ರತಿ:
ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ;
ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ;
ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ.