ಮನೆಯ ಮಾತು: ಬಿಟ್ಟು ಬಿಟ್ಟು ಅಳುವ ಕೂಸು

ನಾವು ಅಕ್ಕಲಕೋಟೆಯಲ್ಲಿ ಅರಿವೆ ವ್ಯಾಪಾರ ಮಾಡುವವರು, ಮ್ಯಾಟ್ರಿಕ್‌ವರೆಗೆ ಓದಿದವರು. ವೈದ್ಯರಲ್ಲ. ಆದರೂ ಈ ತಿಂಗಳು ಕೂಸುಗಳ ಹೊಟ್ಟೆಬೇನೆಯೊಂದರ ವಿಷಯ ಬರೆಯುತ್ತಿದ್ದೇವೆ. ಇದು ನಮ್ಮ ತಪ್ಪಿನಿಂದಲೇ ಕಲಿತ ಪಾಠ.

2018ರಲ್ಲಿ ನಮ್ಮ ಮೊಮ್ಮಗನಿಗೆ ಏಳು ತಿಂಗಳು. ನೆಗಡಿಯಾಗಿ ವಾಸಿಯಾಗಿತ್ತು. ಒಂದು ಮುಂಜಾನೆ ಇದ್ದಕ್ಕಿದ್ದಂತೆ ಚೀರಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಅತ್ತ. ಎರಡು ಮೂರು ನಿಮಿಷಕ್ಕೆ ಸುಮ್ಮನಾದ. ಕಾಲು ತಾಸಿಗೆ ಮತ್ತೆ ಅದೇ ಅಳು. ಕುಡಿದ ಹಾಲು ವಾಂತಿ.

“ಮಾವಾರ, ದವಾಖಾನಿಗೆ ಹೋಗೂಣರಿ” ಎಂದಳು ಸೊಸೆ.

“ಹಲ್ಲು ಬರೂ ಕಾಲವಾ, ದೃಷ್ಟಿನೂ ಆಗಿರಬೇಕು. ಅಜವಾನದ ನೀರು ಕುಡಸು” ಎಂದೆವು ನಾವು.

ಸಂಜೆಗೆ ವಾಂತಿ ಹಸಿರಾಯಿತು, ಹೊಟ್ಟೆ ಉಬ್ಬಿತು. ಕೂಸು ಸೋತು ಮಲಗಿತು. ಅದನ್ನೇ ನಾವು ಆರಾಮಾಯಿತೆಂದು ತಿಳಿದೆವು! ರಾತ್ರಿ ಲೋಳೆ ಕೂಡಿದ ಕೆಂಪು ರಕ್ತ ಹೊಟ್ಟೆಯಿಂದ ಹೋದಾಗ ಸೋಲಾಪುರಕ್ಕೆ ಓಡಿದೆವು.

ಸೋನೋಗ್ರಫಿ ಮಾಡಿ ವೈದ್ಯರು ಹೇಳಿದ ಹೆಸರು ‘ಇಂಟಸಸೆಪ್ಷನ್’. ಅಂಗಿಯ ತೋಳನ್ನು ಅದರೊಳಗೇ ತುರುಕಿದಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ಸೇರಿಕೊಳ್ಳುತ್ತದೆ. ಹೆಚ್ಚಾಗಿ ಸಣ್ಣ ಕರುಳು ದೊಡ್ಡ ಕರುಳಿನೊಳಗೆ. ದಾರಿ ಕಟ್ಟುತ್ತದೆ, ಸಿಕ್ಕಿಕೊಂಡ ಕರುಳಿಗೆ ರಕ್ತ ಸಾಲದೆ ಅದು ಕೊಳೆಯತೊಡಗುತ್ತದೆ. ಮೂರು ತಿಂಗಳಿನಿಂದ ಮೂರು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚು. ಬಹಳ ಮಕ್ಕಳಲ್ಲಿ ಸ್ಪಷ್ಟ ಕಾರಣ ಸಿಗುವುದಿಲ್ಲ. ಕೆಲವು ಸಲ ನೆಗಡಿ ಅಥವಾ ಭೇದಿಯ ನಂತರ ಕರುಳಿನ ಗೋಡೆಯ ಗಂಟುಗಳು ಬಾತು ಹೀಗಾಗುತ್ತದೆಂದು ವೈದ್ಯರ ಅಭಿಪ್ರಾಯ.

ಬೇಗ ಬಂದರೆ ಹೆಚ್ಚಾಗಿ ಕೊಯ್ಯುವುದೇ ಬೇಕಿಲ್ಲ. ಗುದದ್ವಾರದಿಂದ ಗಾಳಿ ಅಥವಾ ಸಲಾಯಿನ್ ನೀರನ್ನು ಅಳತೆಯಿಂದ ಒತ್ತಿ ಕರುಳನ್ನು ಹಿಂದಕ್ಕೆ ಸರಿಸುತ್ತಾರೆ. ಡೆನ್ಮಾರ್ಕಿನ ವೈದ್ಯ ಹಿರ್ಷ್‌ಸ್ಪ್ರುಂಗ್ ನೀರೊತ್ತುವ ಈ ಉಪಾಯದ ವರದಿಯನ್ನು 1876ರಲ್ಲೇ ಪ್ರಕಟಿಸಿದ್ದರು. ನಾವು ತಡಮಾಡಿದ್ದರಿಂದ ನಮ್ಮ ಕೂಸಿಗೆ ಆ ಭಾಗ್ಯವಿರಲಿಲ್ಲ. ಹೊಟ್ಟೆ ಕೊಯ್ದು, ಕಪ್ಪಾದ ಗೇಣುದ್ದ ಕರುಳು ತೆಗೆದರು. ದವಾಖಾನೆಯ ಹೊರಗೆ ಕುಳಿತ ಆ ರಾತ್ರಿ ಸೊಸೆ ನಮಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಆದ್ದರಿಂದ ತಾಯಂದಿರೇ, ಹಿರಿಯರೇ, ನೆನಪಿಡಿ. ಬಿಟ್ಟು ಬಿಟ್ಟು ಬರುವ ಅಳು, ಕಾಲು ಮಡಚುವುದು, ವಾಂತಿ, ಸುಸ್ತು, ಇವಿಷ್ಟೇ ಸಾಕು, ಹೊರಡಿ. ರಕ್ತ ಕಾಣಲೆಂದು ಕಾಯಬೇಡಿ. ಅದು ಎಲ್ಲರಿಗೂ ಕಾಣದು, ಕಂಡರೂ ತಡವಾಗಿ. ಔಡಲೆಣ್ಣೆ ಕುಡಿಸಬೇಡಿ, ಮನೆಯಲ್ಲಿ ಎನಿಮಾ ಬೇಡ. ವಾಸಿಯಾದ ಮೇಲೂ ಇದು ಮರುಕಳಿಸಬಹುದು. ಅದೇ ಅಳು ಕೇಳಿದರೆ ಮತ್ತೆ ಓಡಬೇಕು.

ಮೊಮ್ಮಗ ಈಗ ಶಾಲೆಗೆ ಹೋಗುತ್ತಾನೆ. ಅವನ ಹೊಟ್ಟೆಯ ಮೇಲಿನ ಗೆರೆ ಕಂಡಾಗಲೆಲ್ಲ ನಮ್ಮ ಹಿರಿತನ ತಲೆ ತಗ್ಗಿಸುತ್ತದೆ. ಹೆತ್ತವಳಿಗೆ ಕೂಸಿನ ಅಳುವಿನ ಭೇದ ತಿಳಿಯುತ್ತದೆ. ಅವಳು ಹೋಗೋಣವೆಂದರೆ ಚಪ್ಪಲಿ ಮೆಟ್ಟಿರಿ.